ದೋಣಿಕಟ್ಟೆಯ ಮರ

೨೦೧೯ ನವೆಂಬರ್ ೧೪, ಬೆಳಿಗ್ಗೆ ೯.೪೦. ಅಳಿವೆಯ ಹೊಸ ದೋಣಿಕಟ್ಟೆಯ ಕಂಬಕ್ಕೆ ಪರೀಕ್ಷಕಿ ಬೈರಿಗೆ ತಿರುಗಿಸುತ್ತಿದ್ದಳು. ಕಂಬ ನೆಟ್ಟ ಆಚಾರಿ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ. ಹಳೆಯ ಕಟ್ಟೆಯ ಕಂಬಗಳನ್ನು ಹುಳ ತಿಂದು, ಅದು ಕುಸಿದಾಗ ಇಬ್ಬರು ನೀರುಪಾಲಾಗಿದ್ದರು.

"ಹುಳದ ಔಷಧ ಮರದ ಒಳಗೆ ಇಳಿಯಲಿಲ್ವಾ ಮೇಡಂ? ಎಂತಾದ್ರೂ ಹೇಳಿ."

"ಇಳಿದಿದೆ ಆಚಾರ್ರೆ. ಒಳಗೂ ಔಷಧದ ಹಸಿರಿದೆ ನೋಡಿ. ಇದನ್ನ ಯಾವ ಹುಳವೂ ಮುಟ್ಟೋದಿಲ್ಲ."

ಆಚಾರಿ ದೀರ್ಘವಾಗಿ ಉಸಿರು ಬಿಟ್ಟ. "ಅದಕ್ಕೇ ಮೇಡಂ, ಉಳಿದ ತುಂಡನ್ನ ನಾನು ಬಿಸಾಡ್ಲಿಲ್ಲ. ಸೀಳಿಸಿ ಮೊಮ್ಮಗಳಿಗೆ ತೊಟ್ಟಿಲು ಮಾಡಿದೆ. ನಮ್ಮನೆ ಗೆದ್ದಲಿಗೆ ಇನ್ನು ಉಪವಾಸವೇ."

ಅವಳ ಕೈ ನಿಂತಿತು.

"ಇದು ಉಪ್ಪುನೀರಲ್ಲಿ ನಿಲ್ಲೋ ಮರ. ಮನೆಯೊಳಗಿನ ಸಾಮಾನಿಗೆ ಬೇರೆಯೇ ಔಷಧ ಇದೆ. ಈ ಹಸಿರಲ್ಲಿರೋದು ಪಾಷಾಣದ ವಿಷ, ಆಚಾರ್ರೆ. ಮಗುಗೆ ಎಷ್ಟು ತಿಂಗಳು?"

"ಒಂಬತ್ತು."

ಮನೆ ಹತ್ತಿರದಲ್ಲೇ ಇತ್ತು. ಇಬ್ಬರೂ ಓಡಿದರು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಆಚಾರಿ ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡ. ಅವಳು ಬಾಗಿ ತೊಟ್ಟಿಲ ಅಂಚಿಗೆ ಅಳತೆಪಟ್ಟಿ ಹಿಡಿದಳು.

ಎರಡು ಪುಟ್ಟ ಹಲ್ಲುಗಳ ಗುರುತು ಆರು ಕಡೆ ಮೂಡಿತ್ತು. ಅತಿ ಆಳದ್ದು ಒಂದೂವರೆ ಮಿಲಿಮೀಟರ್.