ಹನ್ನೊಂದು ದಿನದ ಜ್ವರ

"ಅದನ್ನ ಬೆಂಕಿಗೆ ಹಾಕ್ಬೇಡಿ!"

ಒರ್ಲೀನಾ ಸ್ಟೆಗಾಲ್ ಗುಮಾಸ್ತನ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ೧೮೬೫ರ ಏಪ್ರಿಲ್. ರಿಚ್ಮಂಡಿನ ಯುದ್ಧ ಕಚೇರಿಯ ಮುಂದೆ, ನಡುಬೀದಿಯಲ್ಲೇ, ಕಾಗದದ ರಾಶಿಗಳು ಉರಿಯುತ್ತಿದ್ದವು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರೆದುರು ಸೋಲುತ್ತಿದ್ದ ದಕ್ಷಿಣದ ಸರ್ಕಾರ ಊರು ಬಿಡುತ್ತಿತ್ತು. ಆಯ್ದ ಪೆಟ್ಟಿಗೆಗಳು ರೈಲಿಗೆ, ಉಳಿದದ್ದು ಬೆಂಕಿಗೆ.

"ಆಸ್ಪತ್ರೆ ಪುಸ್ತಕ ಕಣಮ್ಮ ಇದು," ಎಂದ ಮುದಿ ಗುಮಾಸ್ತ ಪೇಟನ್. "ಯಾರಿಗೆ ಬೇದಿ, ಯಾರಿಗೆ ಜ್ವರ ಅಂತ ಬರೆದಿರೋದು. ಉತ್ತರದ ಯಾಂಕಿಗಳು ಓದಿ ಔಷಧಿ ಕಳಿಸ್ತಾರಾ?"

"ನನ್ನ ಗಂಡನ ಹೆಸರಿದೆ ಅದರಲ್ಲಿ. ಲೂಷಸ್ ಸ್ಟೆಗಾಲ್. ಅಕ್ಟೋಬರ್ ಕೊನೆ."

ಎರಡು ತಿಂಗಳಿಗೊಮ್ಮೆ ದಳದ ಹಾಜರಿ. ಅಕ್ಟೋಬರ್ ಕೊನೆಯ ಹಾಜರಿಯ ದಿನ ಲೂಷಸ್ ಇದೇ ಊರಿನ ಆಸ್ಪತ್ರೆಯಲ್ಲಿ ಜ್ವರ ಬಂದು ಮಲಗಿದ್ದ. ಹೊಸದಾಗಿ ಬಂದಿದ್ದ ಕ್ಯಾಪ್ಟನ್ನಿಗೆ ಅದು ತಿಳಿಯದು. ಹೆಸರಿನ ಮುಂದೆ 'ಓಡಿಹೋದವನು' ಎಂದು ಬರೆದ. ಲೂಷಸ್ ಗುಣವಾಗಿ, ತಾನಾಗಿಯೇ ನಡೆದು ದಳಕ್ಕೆ ಮರಳಿದಾಗ ಕೈಗೆ ಬೇಡಿ ಬಿತ್ತು. ಆಸ್ಪತ್ರೆಯ ಚೀಟಿ ಹೊಳೆ ದಾಟುವಾಗ ನೆನೆದು ಮುದ್ದೆಯಾಗಿತ್ತು. ಅರ್ಧ ಗಂಟೆಯ ವಿಚಾರಣೆ. ಗುಂಡಿಟ್ಟು ಕೊಲ್ಲುವ ಶಿಕ್ಷೆ.

"ಜನವರಿಯಲ್ಲೇ ಇಲ್ಲಿಗೆ ಕಾಗದ ಬರೆದೆ, ಸ್ವಾಮಿ. ಎರಡು ಸಲ."

ಪೇಟನ್ ಬೆಂಕಿಯ ಕಡೆ ನೋಡಿದ. ಒಡೆಯದ ಲಕೋಟೆಗಳೂ ಅಲ್ಲಿ ಉರಿಯುತ್ತಿದ್ದವು.

ಅವನು ಮೆಟ್ಟಿಲ ಮೇಲೆ ಕುಳಿತು ಹಾಳೆ ಮಗುಚತೊಡಗಿದ. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಕೊನೆಗೊಮ್ಮೆ ಅವನ ಬೆರಳು ನಿಂತಿತು. ಸ್ಟೆಗಾಲ್. ಜ್ವರ. ಹನ್ನೊಂದು ದಿನ. ಕೆಳಗೆ ವೈದ್ಯರ ಸಹಿ.

"ಹಾಳೆ ಹರಿದು ಕೊಡ್ಲಾ?"

"ಬೇಡ. ಬರೀ ಒಂದು ಹಾಳೆ ತೋರಿಸಿದ್ರೆ ಯಾರ ಕೈಲೋ ಬರೆಸ್ಕೊಂಡು ಬಂದೆ ಅಂತಾರೆ. ಪುಸ್ತಕಾನೇ ಬೇಕು."

ಸೇನೆಯ ದಾಖಲೆ ಹೊರಗಿನವರಿಗೆ ಕೊಡುವುದು ಅಪರಾಧ. ಪೇಟನ್ ತನ್ನ ಪಟ್ಟಿ ತೆಗೆದು, ಆ ಪುಸ್ತಕದ ಎದುರು 'ಸುಟ್ಟಿದೆ' ಎಂದು ಬರೆದ. ಪುಸ್ತಕವನ್ನು ಅವಳ ಶಾಲಿನೊಳಗೆ ತುರುಕಿದ.

"ಹೊರಡಮ್ಮ. ಆದ್ರೂ ಇಷ್ಟೊಂದು ಕಷ್ಟ ಯಾಕೆ ಪಡ್ತೀಯ? ಸೈನ್ಯಾನೇ ಕಾಲಿಗೆ ಬುದ್ಧಿ ಹೇಳ್ತಿದೆ. ಓಡಿಹೋದೋನಿಗೆ ಗುಂಡು ಹೊಡಿಯೋಕೆ ಇವತ್ತು ಯಾರಿಗೆ ಪುರುಸೊತ್ತಿದೆ? ಯಾವ ಕೋರ್ಟಿಗೆ ತೋರಿಸ್ತೀಯ ಇದನ್ನ?"

"ನಮ್ಮತ್ತೆಗೆ," ಎಂದಳು ಒರ್ಲೀನಾ. "ಫೆಬ್ರವರಿಯಲ್ಲಿ ನನ್ನ ಗಂಡನಿಗೆ ಗುಂಡಿಟ್ಟ ಸುದ್ದಿ ಬಂದ ದಿನ, ಮನೆಯವರ ಹೆಸರು ಬರೆದಿಡೋ ಬೈಬಲಿನಲ್ಲಿ, ಓಡಿಹೋದೋನು ಅಂತ ಮಗನ ಹೆಸರಿನ ಮೇಲೆ ಮಸಿ ಎಳೆದುಬಿಟ್ರು."