ಬಾಗಿನದ ಸೀರೆ

ಮಗನ ನಿಶ್ಚಿತಾರ್ಥದಲ್ಲಿ ತಾನೂ ತನ್ನ ಇಬ್ಬರು ಅಕ್ಕಂದಿರೂ ಒಂದೇ ತರಹದ ಸೀರೆ ಉಡಬೇಕೆಂದು ಸರ್ವಮಂಗಳೆಯ ಆಸೆ. ಆನ್‌ಲೈನಿನಲ್ಲಿ ಕೆಂಪು ಸೀರೆಯೊಂದು ಆರುನೂರಕ್ಕೇ ಸಿಗುತ್ತಿತ್ತು. ಅಗ್ಗದ ಮಾಲನ್ನು ಕಣ್ಣುಮುಚ್ಚಿ ಕೊಳ್ಳುವವಳಲ್ಲ ಅವಳು. ಮೊದಲು ಒಂದನ್ನೇ ತರಿಸಿ, ಗೌರಿ ಹಬ್ಬದ ಬಾಗಿನದ ಜೊತೆ ನಾದಿನಿ ಶಶಿರೇಖಾಳಿಗೆ ಕಳಿಸಿದಳು.

“ನನ್ನ ತಂಗಿ ಮೇಲೆ ಇದ್ದಕ್ಕಿದ್ದಂಗೆ ಇಷ್ಟು ಪ್ರೀತಿನಾ?” ಎಂದ ಗಂಡ.

“ಪ್ರೀತಿ ಅಲ್ಲ ಕಣ್ರೀ, ಪರೀಕ್ಷೆ. ಅವಳು ಒಗೀಲಿ. ಬಣ್ಣ ಬಿಡದಿದ್ರೆ ನಾವು ತಗೊಳ್ಳೋದು.”

ಹದಿನೈದು ದಿನ ಬಿಟ್ಟು ಫೋನ್ ಮಾಡಿದಳು.

“ಸೀರೆ ಒಗೆದ್ಯೇನೇ ಶಶಿ? ಬಣ್ಣಗಿಣ್ಣ ಬಿಡ್ತಾ?”

“ಅಯ್ಯೋ, ಒಂಚೂರೂ ಇಲ್ಲ ಅತ್ತಿಗೆ. ಬಂಗಾರದಂಥ ಸೀರೆ!”

ಅಂದೇ ಮೂರು ಸೀರೆಗೆ ಆರ್ಡರ್ ಹೋಯಿತು. ಬಂದ ದಿನವೇ ಚೀಟಿ ಕಿತ್ತು ಫಾಲ್ ಹೊಲಿಯಲು ಕೊಟ್ಟಳು.

“ಚೀಟಿ ಕಿತ್ರೆ ವಾಪಸ್ ತಗೊಳ್ಳಲ್ವಂತೆ,” ಎಂದ ಗಂಡ.

“ವಾಪಸ್ ಯಾಕೆ ಮಾಡ್ಬೇಕು? ಪರೀಕ್ಷೆ ಪಾಸಾಗಿದೆಯಲ್ಲ!”

ನಿಶ್ಚಿತಾರ್ಥದ ಹಿಂದಿನ ದಿನ, ಗಂಜಿ ಹೋಗಿ ಮೆತ್ತಗಾಗಲೆಂದು ಮೂರನ್ನೂ ನೆನೆಸಿದಳು. ಮೊದಲ ನೀರಿಗೇ ಬಕೆಟ್ ಕುಂಕುಮದ ನೀರಿನಂತಾಯಿತು. ಸೀರೆಗಳು ಪೇಲವವಾಗಿ, ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ತಿರುಗಿದವು.

ಒದ್ದೆ ಕೈಯಲ್ಲೇ ಫೋನ್ ಎತ್ತಿಕೊಂಡಳು. “ನಿಜ ಹೇಳು ಶಶಿ, ನಿನ್ನ ಸೀರೆ ಬಣ್ಣ ಬಿಡ್ಲೇ ಇಲ್ವಾ?”

ಶಶಿರೇಖಾ ದನಿ ತಗ್ಗಿಸಿದಳು.

“ನಮ್ಮನೆಯವರ ಮೂರು ಬಿಳಿ ಪಂಚೆ ಗುಲಾಬಿ ಆಗೋಯ್ತು ಅತ್ತಿಗೆ. ಆದ್ರೆ ತವರಿಂದ ಬಂದ ಬಾಗಿನದ ಸೀರೇನ ಯಾರಾದ್ರೂ ಕೆಟ್ಟದ್ದು ಅಂತಾರಾ?”