ಪಿಕಪ್ ಬರದ ಗಾಡಿ

“ಹ್ಞಾ, ಈಗ ಒತ್ರಿ ಕಾಕಾ,” ಅಂದ ಕುನಾಲ, ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

“ಒತ್ತೇನಲ್ಲೋ! ನೋಡು, ಏಳಾಕ ಎಷ್ಟ ಹೊತ್ತ ತಗೋತೈತಿ, ಮುದಿ ಎಮ್ಮಿಗತೆ,” ಎಂದು ಸ್ಟೇರಿಂಗ್ ಹಿಡಿದ ಮೌಲಾಸಾಬರು ಬೈದರು. ಅವರ ಮಾತು ಮುಗಿದ ಮೇಲೆ ಗಾಡಿ ಮುಂದಕ್ಕೆ ಜಿಗಿಯಿತು. ಟಿಕೋಟಾ ದಾಟಿ ಹೊನವಾಡದ ಕಡೆ ಹೋಗುವ ರಸ್ತೆ ಮಟಮಟ ಮಧ್ಯಾಹ್ನಕ್ಕೆ ಖಾಲಿ ಬಿದ್ದಿತ್ತು. ಹಿಂದೆ ಅವರ ಹೆಂಡತಿ ಸಾಯಿರಾಬಿ ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದರು.

ಈ ಗಾಡಿ ಗೋಳಗುಮ್ಮಟದ ಹತ್ತಿರದ ಕುನಾಲನ ಗ್ಯಾರೇಜಿಗೆ ಬಂದದ್ದು ಇದು ಮೂರನೇ ಸಲ. ಹರೆಯದಿಂದ ಟೆಂಪೊ ಓಡಿಸಿ, ಎಲ್ಲಿಯೂ ಒಂದು ಗೀರು ಬೀಳಿಸದೆ ಬದುಕಿದ ಮೌಲಾಸಾಬರು, ದಂಧೆ ಬಿಟ್ಟ ಮೇಲೆ ಈ ಹಳೆಯ ಡೀಸೆಲ್ ಕಾರು ಕೊಂಡು, ಹಟ ಹಿಡಿದು ಅದಕ್ಕೆ ದೊಡ್ಡ ಟರ್ಬೊ ಕೂಡಿಸಿಕೊಂಡಿದ್ದರು. ದೊಡ್ಡ ಟರ್ಬೊ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವಷ್ಟರಲ್ಲಿ ಒಂದು ಗಳಿಗೆ ತಡವಾಗುವುದು ಇದ್ದದ್ದೇ. ಆ ತಡ ಈಚೆಗೆ ಹೆಚ್ಚಾಗಿದೆ, ಪಿಕಪ್ಪೇ ಬರುವುದಿಲ್ಲ ಎಂಬುದು ಅವರ ದೂರು. ಕುನಾಲ ಮೊದಲ ಸಲ ಸೀಳಿದ್ದ ಗಾಳಿ ಪೈಪು ಬದಲಿಸಿದ. ಎರಡನೇ ಸಲ ದೊಡ್ಡ ಟರ್ಬೊವನ್ನೇ ತೆಗೆದು ಸಣ್ಣದು ಹಾಕಿದ. ತಾನು ಓಡಿಸಿದರೆ ಕಾಲಿಟ್ಟ ಕೂಡಲೇ ಗಾಡಿ ಹರಿಯುತ್ತಿತ್ತು. ಅವರು ಕುಳಿತರೆ ಮತ್ತೆ ಅದೇ ಹಾಡು. “ಸೋಮವಾರ ಸಾಲಿ ಸುರು ಆಗತಾವ. ಮೊಮ್ಮಗಳನ್ನ ದಿನಾ ವಿಜಯಪುರಕ್ಕ ಬಿಡಾಂವ ನಾನ. ಅಷ್ಟರಾಗ ಇದೊಂದು ಮಾಡಿಕೊಡು,” ಅಂದಿದ್ದರು.

ಅದಕ್ಕೇ ಕುನಾಲ ಇಂದು ಗಾಡಿಗೆ ವೈರು ಜೋಡಿಸಿಕೊಂಡು ಬಂದಿದ್ದ. ಪರದೆಯ ಮೇಲೆ ಎರಡು ಗೆರೆ: ಪೆಡಲ್ ಎಷ್ಟು ಕೆಳಗೆ ಹೋಯಿತೆಂದು ಹೇಳುವುದು ಕೆಂಪು, ಟರ್ಬೊ ಎಷ್ಟು ಗಾಳಿ ಕೊಟ್ಟಿತೆಂದು ಹೇಳುವುದು ನೀಲಿ. “ಒತ್ತೇನಲ್ಲೋ” ಎಂದು ಅವರು ಬೈಯುವಾಗ ಕೆಂಪು ಗೆರೆ ಮಲಗಿಯೇ ಇತ್ತು. ಅದು ಎದ್ದದ್ದೇ ತಡ, ನೀಲಿಯೂ ಬೆನ್ನಿಗೇ ಎದ್ದಿತ್ತು. ಕುನಾಲ ಇನ್ನೊಮ್ಮೆ ಒತ್ತಿಸಿದ. ಮತ್ತೊಮ್ಮೆ ಒತ್ತಿಸಿದ. ಎಂಜಿನ್ನಿನಲ್ಲಿ ತಡವೇ ಇರಲಿಲ್ಲ.

“ಗಾಡಿ ಬಾಜೂಕ ಹಚ್ರಿ. ನಾ ಒಮ್ಮೆ ಹೊಡದ ನೋಡತೇನಿ.”

ಮೌಲಾಸಾಬರು ಇಳಿದರು. ಬಲಗಾಲಿನ ಚಪ್ಪಲಿ ಪೆಡಲಿನ ಬುಡದಲ್ಲೇ ಉಳಿಯಿತು. ಕಾದ ಡಾಂಬರಿನ ಮೇಲೆ ಬರಿಗಾಲಿಟ್ಟು, ಅಂಚಿನ ಜಾಲಿ ಮುಳ್ಳು ತುಳಿದುಕೊಂಡೇ ಗಾಡಿ ಸುತ್ತಿ ಬಂದು, ಟರ್ಬೊ ಬಗ್ಗೆ ಮಾತಾಡುತ್ತ ನಿಂತರು. ಕುನಾಲ ಬಾಯಿ ತೆರೆಯುವ ಮೊದಲೇ ಸಾಯಿರಾಬಿ ಇಳಿದು ಚಪ್ಪಲಿ ಎತ್ತಿಕೊಂಡು ಬಂದಿದ್ದರು.

“ಕಾಲ ಎತ್ರಿ. ದನದ ಹೆಂಡಿ ತುಳದೀರಿ.”

ಸಾಯಿರಾಬಿ ನೆಲಕ್ಕೆ ಕುಳಿತು, ಸೆರಗಿನಿಂದ ಅಂಗಾಲು ಒರೆಸಿ, ಒಳಗೆ ಮುರಿದಿದ್ದ ಮುಳ್ಳನ್ನು ಸಪ್ಪಳವಿಲ್ಲದೆ ಕಿತ್ತು, ಚಪ್ಪಲಿ ತೊಡಿಸಿದರು. ಮೌಲಾಸಾಬರ ಹುಬ್ಬು ಕೂಡ ಅಲುಗಲಿಲ್ಲ. “ನೋಡ್ಲೇ ಕುನಾಲ, ಮುಪ್ಪಿನಾಗ ಮದುಮಗನ್ನ ಮಾಡ್ಯಾಳ ನನ್ನ,” ಎಂದು ನಕ್ಕು, ರಸ್ತೆ ಬದಿಯ ತೋಟದ ಪಂಪಿಗೆ ನೀರು ಕುಡಿಯಲು ಹೋದರು.

“ಯಾವಾಗಿಂದ ಕಾಕೂ?” ಕುನಾಲ ಮೆಲ್ಲಗೆ ಕೇಳಿದ.

“ಸಕ್ರಿ ಬ್ಯಾನಿ ಭಾಳ ವರ್ಷದ್ದು. ಕಾಲು ಹಿಂಗಾಗಿದ್ದು ಹೋದ ರಮಜಾನದಿಂದ. ಅವ್ರಿಗೆ ಅರವ ಇಲ್ಲ. ನಾ ಹೇಳಿಲ್ಲ.” ಸಾಯಿರಾಬಿ ಮುಳ್ಳನ್ನು ಬೇಲಿಯಾಚೆ ಎಸೆದರು. “ಗಾಡಿಯಾಗ ಏನರೆ ಕೆಟ್ಟಿದ್ದು ಸಿಗಲಿ ಅಂತ ದುವಾ ಮಾಡತಿದ್ದೆ ತಮ್ಮಾ. ನೀ ಬಿಚ್ಚಿದಾಗೆಲ್ಲಾ, ಈ ಸಲ ಸಿಗತೈತಿ ಅಂತ.”

“ಬ್ರೇಕಿಗೂ ಅದ ಕಾಲು ಹೋಗತೈತ್ರಿ.”

“ಗೊತ್ತೈತಿ. ಅದಕ್ಕ ಒಬ್ಬರನ್ನ ಬಿಡಂಗಿಲ್ಲ. ನಾನೂ ಜೋಡಿ ಕುಂದ್ರತೇನಿ.”

ಮೌಲಾಸಾಬರು ಬಾಯಿ ಒರೆಸಿಕೊಳ್ಳುತ್ತ ಬಂದಾಗ ಕುನಾಲ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. “ಕಾಕಾ, ಈ ನೀಲಿ ಎಂಜಿನ್ನಂದು. ಕೆಂಪು ನಿಮ್ಮ ಕಾಲಿಂದು. ತಡ ಆಗಾಕತ್ತಿದ್ದು ಕೆಂಪ್ರಿ.”

ಅವರು ಬಗ್ಗಿ ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು. “ನಿನ್ನ ಮಷೀನ ಕೆಟ್ಟೈತಿ,” ಅಂದರು ಕೊನೆಗೆ. “ವೈರ ಎಲ್ಲೋ ಸಡ್ಲ ಆಗೈತಿ.”

“ಇರಬೌದ್ರಿ. ನಾ ವೈರ ನೋಡತೇನಿ, ಡಾಕ್ಟ್ರು ನಿಮ್ಮ ಕಾಲು ನೋಡ್ಲಿ. ಅಲ್ಲೀತನಕ ಹುಡುಗೀನ ಕೂಡ್ರಿಸಿಕೊಂಡು ಹೋಗಬ್ಯಾಡ್ರಿ.”

ಮೌಲಾಸಾಬರು ಹೆಂಡತಿಯ ಕಡೆ ತಿರುಗಿದರು. “ನಿನಗೂ ಹಂಗ ಅನಸ್ತೈತೇನ?” ಸಾಯಿರಾಬಿ ಸೆರಗು ಸರಿಮಾಡಿಕೊಂಡರೇ ಹೊರತು ತಲೆ ಎತ್ತಲಿಲ್ಲ. “ಹೊಡಿ ಹಂಗಾರ ನೀನ,” ಎಂದು ಅವರು ಕುನಾಲನಿಗೆ ಹೇಳಿ ಎಡಗಡೆಯ ಸೀಟಿನಲ್ಲಿ ಕುಳಿತರು. “ಮೊದಲ ಆ ವೈರ ಬದಲಿ ಮಾಡು. ಆಮ್ಯಾಲ ಮಾತಾಡೂನು.”

ಕುನಾಲ ಗಾಡಿ ತಿರುಗಿಸಿಕೊಂಡು ಹೊರಟ. ಟಿಕೋಟಾ ಇನ್ನೇನು ಬಂತು ಎನ್ನುವಾಗ ತೋಟದ ಕಾಲುದಾರಿಯಿಂದ ಸೈಕಲ್ ಮೇಲಿನ ಒಬ್ಬ ಹುಡುಗಿ ಗಕ್ಕನೆ ರಸ್ತೆಗಿಳಿದಳು. “ಯಾ ಅಲ್ಲಾ!” ಎಂದು ಮೌಲಾಸಾಬರು ಕೂಗಿದರು. ಕುನಾಲ ಬ್ರೇಕು ತುಳಿದ. ಹುಡುಗಿಯ ಹಿಂದಿನ ಗಾಲಿಗೆ ಮೊಳ ದೂರದಲ್ಲಿ ಗಾಡಿ ಕಿರುಚಿ ನಿಂತಿತು.

ಗಾಡಿ ಪೂರಾ ನಿಂತಾದ ಮೇಲೆ ಮೌಲಾಸಾಬರ ಬಲಗಾಲು ಮುಂದಕ್ಕೆ ಸರಿಯಿತು; ಪೆಡಲೇ ಇಲ್ಲದಲ್ಲಿ, ಕೆಳಗಿನ ಮ್ಯಾಟನ್ನು ಜೋರಾಗಿ ಒತ್ತಿತು. ಅವರು ತಲೆ ಬಗ್ಗಿಸಿ ಅದನ್ನೇ ನೋಡುತ್ತ ಕುಳಿತರು.